ವಲ್ಗಾದಲ್ಲಿ ಎಷ್ಟು ಜನರಿದ್ದಾರೆ? ಎಸ್ಟೋನಿಯಾದ ವಿಳಾಸ ನೋಂದಣಿ ತಿಳಿಯಲು ಒಂದು ಗಡಿ ಪಟ್ಟಣ

ಎಸ್ಟೋನಿಯಾಕ್ಕೆ ಓದಲು ಬರುವ ಕನ್ನಡಿಗರು ಹೆಚ್ಚಾಗಿ ತಾರ್ತುವಿನಲ್ಲೋ ತಾಲಿನ್‌ನಲ್ಲೋ ಇರುತ್ತಾರೆ. ಕೆಲಸಕ್ಕೆ ಬರುವವರಂತೂ ಬಹುತೇಕ ತಾಲಿನ್‌ನವರೇ. ಎಲ್ಲಿಗೆ ಬಂದರೂ ಮೊದಲ ತಿಂಗಳಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ವಿಳಾಸ ನೋಂದಾಯಿಸಿದ್ದೀರಾ? ಪಡಿತರ ಚೀಟಿ ಹುಟ್ಟೂರಿನಲ್ಲಿ, ಆಧಾರ್ ಮಾವನ ಮನೆಯ ವಿಳಾಸದಲ್ಲಿ, ವಾಸ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎಂದು ನಿಶ್ಚಿಂತೆಯಿಂದ ಬದುಕಿದ ನಮಗೆ ಇದೊಂದು ಕಿರಿಕಿರಿಯಾಗಿ ಕಾಣುತ್ತದೆ. ಈ ದೇಶ ಆ ವಿಷಯದಲ್ಲಿ ಯಾಕೆ ಇಷ್ಟು ಬಿಗಿ ಎಂಬುದು ತಾಲಿನ್‌ನಲ್ಲಿ ಕುಳಿತರೆ ಸುಲಭವಾಗಿ ಹೊಳೆಯುವುದಿಲ್ಲ. ವಲ್ಗಾದ ಕಥೆ ಕೇಳಿದರೆ ಹೊಳೆಯುತ್ತದೆ.

ವಲ್ಗಾ ದೇಶದ ದಕ್ಷಿಣ ತುದಿಯ ಪಟ್ಟಣ. ಲಾಟ್ವಿಯಾದ ವಲ್ಕಾ ಅದಕ್ಕೆ ಅಂಟಿಕೊಂಡೇ ಇದೆ, ಯಾಕೆಂದರೆ ನೂರು ವರ್ಷಗಳ ಹಿಂದಿನವರೆಗೆ ಎರಡೂ ಒಂದೇ ಊರು. ಜರ್ಮನ್ನರು ಇದನ್ನು ವಾಲ್ಕ್ ಎಂದು ಕರೆಯುತ್ತಿದ್ದರು. 1286ರಲ್ಲಿ ರೀಗಾ ನಗರದ ಸಾಲದ ಲೆಕ್ಕದಲ್ಲಿ ಈ ಹೆಸರು ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಊರೊಂದು ಇತಿಹಾಸದೊಳಗೆ ಕಾಲಿಡುವುದೇ ಸಾಲದ ಪುಸ್ತಕದ ಮೂಲಕ ಎಂಬುದು ನನಗಂತೂ ಇಷ್ಟವಾದ ಸಂಗತಿ. 1584ರಲ್ಲಿ ಪೋಲೆಂಡಿನ ದೊರೆ ಸ್ತೆಫಾನ್ ಬಾತೊರಿ ಪಟ್ಟಣದ ಹಕ್ಕುಗಳನ್ನು ಕೊಟ್ಟ. ಅದಾದ ಮೇಲೂ ಮುನ್ನೂರು ವರ್ಷ ಇದು ಸಣ್ಣ ಊರಾಗಿಯೇ ಉಳಿಯಿತು. ಹಣೆಬರಹ ಬದಲಾದದ್ದು ರೈಲಿನಿಂದ. 1880ರ ದಶಕದ ಕೊನೆಗೆ ರೀಗಾ–ಪ್ಸ್ಕೋವ್ ಮಾರ್ಗವೂ ತಾರ್ತುವಿನ ಕವಲೂ ಇಲ್ಲಿ ಕೂಡಿದವು. 1897ರ ರಷ್ಯನ್ ಸಾಮ್ರಾಜ್ಯದ ಜನಗಣತಿಯ ಹೊತ್ತಿಗೆ ಸುಮಾರು 11 ಸಾವಿರ ಜನರಿದ್ದರು.

ಸಾಮ್ರಾಜ್ಯ ಕುಸಿದಾಗ ಎಸ್ಟೋನಿಯಾ, ಲಾಟ್ವಿಯಾ ಎರಡೂ ಸ್ವತಂತ್ರವಾದವು. ಈ ಜಂಕ್ಷನ್ ಎರಡಕ್ಕೂ ಬೇಕಾಯಿತು. 1919ರ ಜನವರಿ 31ರಂದು ಪಕ್ಕದ ಪಾಯುವಿನಲ್ಲಿ ಎಸ್ಟೋನಿಯನ್ನರೂ ಫಿನ್ಲೆಂಡಿನ ಸ್ವಯಂಸೇವಕರೂ ಬೋಲ್ಶೆವಿಕರ ಕೆಂಪು ಪಡೆಯೊಡನೆ ಕಾದಾಡಿ ಊರನ್ನು ಬಿಡಿಸಿಕೊಂಡರು. ಅಲ್ಲಿ ಗಾಯಗೊಂಡ ಎಸ್ಟೋನಿಯನ್ ದಳನಾಯಕ ಯೂಲಿಯುಸ್ ಕುಪೆರ್ಯಾನೊವ್ ಕೆಲವೇ ದಿನಗಳಲ್ಲಿ ತೀರಿಕೊಂಡ. ಆತನ ಹೆಸರಿನ ಸೇನಾ ತುಕಡಿ ಇಂದಿಗೂ ಇದೆ. ಆದರೂ ಗಡಿ ತಕರಾರು ಮುಗಿಯಲಿಲ್ಲ. ಕೊನೆಗೆ 1920ರ ಬೇಸಗೆಯಲ್ಲಿ ಬ್ರಿಟಿಷ್ ಅಧಿಕಾರಿ ಸ್ಟೀಫನ್ ಟ್ಯಾಲೆಂಟ್ಸ್ ಮಧ್ಯಸ್ಥಿಕೆ ವಹಿಸಿ ಊರಿನ ನಡುವೆಯೇ ಗೆರೆ ಎಳೆದ. ಊರಿನ ಹೆಚ್ಚಿನ ಭಾಗವೂ ರೈಲು ನಿಲ್ದಾಣವೂ ಎಸ್ಟೋನಿಯಾಕ್ಕೆ, ಹೊರವಲಯ ಲಾಟ್ವಿಯಾಕ್ಕೆ. ಗೆರೆ ಎಳೆಯುವ ಬ್ರಿಟಿಷ್ ಅಧಿಕಾರಿಗಳ ಬಗ್ಗೆ ನಾವು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ಸೋವಿಯತ್ ಕಾಲದಲ್ಲಿ ಆ ಗೆರೆಗೆ ಅರ್ಥವಿರಲಿಲ್ಲ. ಕಾರ್ಖಾನೆಗಳಿಗೆ, ರೈಲ್ವೆಗೆ, ಸೇನಾ ನೆಲೆಗೆ ಒಕ್ಕೂಟದ ಬೇರೆ ಭಾಗಗಳಿಂದ ಜನ ಬಂದರು. ಹಾಗಾಗಿಯೇ ಇಂದಿಗೂ ಇಲ್ಲಿ ರಷ್ಯನ್ ಮನೆಮಾತಿನವರ ಪಾಲು ದೊಡ್ಡದು. 1989ರಲ್ಲಿ ಜನಸಂಖ್ಯೆ 17 ಸಾವಿರ ದಾಟಿತ್ತು. 1991ರ ಬಳಿಕ ಸೇನೆ ಹೋಯಿತು, ಕಾರ್ಖಾನೆಗಳು ಮುಚ್ಚಿದವು, ಗಡಿ ಮತ್ತೆ ನಿಜವಾದ ಗಡಿಯಾಯಿತು. ಪಕ್ಕದ ಬೀದಿಗೆ ಹೋಗಲು ತಪಾಸಣಾ ಠಾಣೆಗೆ ಸುತ್ತು ಹಾಕಿ ಪಾಸ್‌ಪೋರ್ಟ್ ತೋರಿಸಬೇಕಾಯಿತು. 2007ರ ಡಿಸೆಂಬರ್ 21ರಂದು ಎರಡೂ ದೇಶಗಳು ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಐರೋಪ್ಯ ವಲಯವಾದ ಷೆಂಗೆನ್ ಸೇರಿದ ಮೇಲೆ ಬೇಲಿಗಳು ಹೋದವು. ಆದರೆ ಜನ ಆಗಲೇ ಹೊರಟಾಗಿತ್ತು: 2000ದಲ್ಲಿ ಸುಮಾರು 14 ಸಾವಿರ, 2011ರಲ್ಲಿ 12 ಸಾವಿರ ಚಿಲ್ಲರೆ.

ಇಂದು ಹೋಗಿ ನೋಡಿದರೆ ನೀಲಿ-ಕಪ್ಪು-ಬಿಳಿ ಪಟ್ಟೆಯ ಎಸ್ಟೋನಿಯನ್ ಕಂಬ ಒಂದು ಕಡೆ, ಕೆಂಪು-ಬಿಳಿಯ ಲಾಟ್ವಿಯನ್ ಕಂಬ ಇನ್ನೊಂದು ಕಡೆ. ನಡುವೆ ಮಳೆಗಾಲದ ಹಳ್ಳದಷ್ಟು ಅಗಲದ ಒಂದು ತೊರೆ. ಅದರ ಎರಡೂ ದಡಗಳನ್ನು ಸೇರಿಸಿ ಹೊಸ ಪೇಟೆ ಚೌಕ ಕಟ್ಟಿದ್ದಾರೆ. ಅಲ್ಲಿಂದ ನಾಲ್ಕು ಬೀದಿ ಒಳಗೆ ನಡೆದರೆ ಕಿಟಕಿಗಳಿಗೆ ಹಲಗೆ ಬಡಿದ ಮನೆಗಳು, ಮನೆ ಕೆಡವಿ ಹುಲ್ಲು ಬೆಳೆಸಿದ ಖಾಲಿ ನಿವೇಶನಗಳು ಸಿಗುತ್ತವೆ. ಕೆಡವುವುದೂ ಇಲ್ಲಿ ಪಟ್ಟಣ ಯೋಜನೆಯ ಭಾಗ. ಕುಗ್ಗುವುದನ್ನು ಒಪ್ಪಿಕೊಂಡು, ಇರುವವರಿಗೆ ಊರಿನ ನಡುಭಾಗವನ್ನಾದರೂ ಚೆನ್ನಾಗಿಡೋಣ ಎಂಬ ಈ ಧೋರಣೆ ಸುಳ್ಳು ಭರವಸೆಗಿಂತ ಎಷ್ಟೋ ಮೇಲು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಎಸ್ಟೋನಿಯಾದಲ್ಲಿ ಒಂದು ಊರಿಗೆ ಎರಡು ಜನಸಂಖ್ಯೆ. ಒಂದು, ಜನಸಂಖ್ಯಾ ದಾಖಲೆಯಲ್ಲಿ ಆ ಊರಿನ ವಿಳಾಸ ಕೊಟ್ಟವರ ಲೆಕ್ಕ. ಇನ್ನೊಂದು, ಅಂಕಿಅಂಶ ಇಲಾಖೆಯ ಲೆಕ್ಕ. 2021ರ ಡಿಸೆಂಬರ್ 31ರ ಜನಗಣತಿಯ ಮುಖ್ಯ ಲೆಕ್ಕಕ್ಕೆ ಮನೆಮನೆ ಸುತ್ತಲಿಲ್ಲ. ಸರ್ಕಾರಿ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ದೇಶದಲ್ಲಿ 13,31,824 ಜನರಿದ್ದಾರೆ ಎಂದು ಹೇಳಿದರು. ನೀವು ಸಂಬಳ ಪಡೆದಿರಾ, ವೈದ್ಯರ ಬಳಿ ಹೋದಿರಾ, ಶಾಲೆಯಲ್ಲಿ ಹೆಸರಿದೆಯೇ ಎಂಬ ಸುಳಿವುಗಳಿಂದ ನೀವು ನಿಜಕ್ಕೂ ದೇಶದಲ್ಲಿದ್ದೀರಾ ಎಂದು ಇಲಾಖೆ ತೀರ್ಮಾನಿಸುತ್ತದೆ. ಎರಡು ಲೆಕ್ಕಗಳು ತಾಳೆಯಾಗದಿರುವುದು ಮಾಮೂಲು. ವಲ್ಗಾದಲ್ಲಿ ಇನ್ನೂ ಒಂದು ತಮಾಷೆ ಇದೆ: ವಲ್ಕಾದಲ್ಲಿ ಮನೆ ಮಾಡಿಕೊಂಡು, ಎಸ್ಟೋನಿಯಾದ ಮಕ್ಕಳ ಭತ್ಯೆ ಮತ್ತಿತರ ಸೌಲಭ್ಯ ಚೆನ್ನಾಗಿದೆ ಎಂದು ವಲ್ಗಾದ ವಿಳಾಸ ಕೊಟ್ಟವರಿದ್ದಾರೆ. ಎರಡೂ ಕಡೆಯ ಪತ್ರಿಕೆಗಳಲ್ಲಿ ಇದು ಹಳೆಯ ಸುದ್ದಿ. ವಲ್ಕಾದ ಪುರಸಭೆಗೆ ಇದರಿಂದ ಆಗುವ ಸಂಕಟವನ್ನು ಊಹಿಸಿಕೊಳ್ಳಬಹುದು.

ವಿಳಾಸದ ವಿಷಯದಲ್ಲಿ ಇಷ್ಟು ಬಿಗಿ ಯಾಕೆ ಎಂದರೆ, ಹಿಂದಿರುವುದು ದುಡ್ಡು. ನಿಮ್ಮ ಆದಾಯ ತೆರಿಗೆಯ ಒಂದು ಭಾಗ ನೀವು ನೋಂದಾಯಿಸಿದ ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ. ವರ್ಷದ ಮೊದಲ ದಿನ ದಾಖಲೆಯಲ್ಲಿ ಯಾವ ಊರಿದೆಯೋ ಆ ವರ್ಷ ಆ ಊರಿಗೆ. ಡಿಸೆಂಬರ್ ಬಂತೆಂದರೆ ಊರುಗಳು ವಿಳಾಸ ಸರಿಪಡಿಸಿ ಎಂದು ಬೆನ್ನು ಹತ್ತುವುದು ಅದಕ್ಕೇ. ತಾಲಿನ್ 2013ರಲ್ಲಿ ನೋಂದಾಯಿತ ನಿವಾಸಿಗಳಿಗೆ ಬಸ್ಸು, ಟ್ರಾಮ್ ಉಚಿತ ಮಾಡಿದಾಗ ಸಾವಿರಾರು ಹೆಸರುಗಳು ಅಲ್ಲಿಗೆ ಸರಿದವು. ದೊಡ್ಡ ಊರಿಗೆ ಅದು ಲಾಭ. ವಲ್ಗಾದಂಥ ಊರಿಗೆ ಒಂದು ಕುಟುಂಬ ವಿಳಾಸ ಬದಲಿಸಿದರೂ ಬಜೆಟ್‌ನಲ್ಲಿ ಗೊತ್ತಾಗುತ್ತದೆ. 2017ರ ಸುಧಾರಣೆಯಲ್ಲಿ 213 ಸ್ಥಳೀಯ ಆಡಳಿತಗಳು 79ಕ್ಕೆ ಇಳಿದದ್ದೂ ಇದೇ ಲೆಕ್ಕಾಚಾರದಿಂದ. ಕನಿಷ್ಠ 5,000 ಜನ ಬೇಕೆಂಬ ನಿಯಮ ಬಂತು. ವಲ್ಗಾ ಪಟ್ಟಣ ಸುತ್ತಲಿನ ಐದು ಗ್ರಾಮೀಣ ಆಡಳಿತಗಳೊಡನೆ ಸೇರಿ 'ವಲ್ಗಾ ವಲ್ಡ್' ಆಯಿತು (ವಲ್ಡ್ ಎಂದರೆ ಗ್ರಾಮೀಣ ಸ್ಥಳೀಯ ಆಡಳಿತ). ಅಂಕಿಸಂಖ್ಯೆ ನೋಡುವಾಗ ಪಟ್ಟಣದ್ದೋ ವಲ್ಡ್‌ನದೋ ಎಂದು ಗಮನಿಸಿ. ಎರಡನ್ನೂ ಕಲಸಿಬಿಡುವವರು ಬಹಳ.

ನೀವು ಮಾಡಬೇಕಾದದ್ದು ಸರಳ. ವಾಸದ ಪರವಾನಗಿ ಪಡೆದು ಬಂದವರು ಒಂದು ತಿಂಗಳೊಳಗೆ 'ಎಲುಕೊಹಟೆಆಡೆ' ಎಂಬ ವಾಸಸ್ಥಳದ ಅರ್ಜಿ ಸಲ್ಲಿಸಬೇಕು. ಜನಸಂಖ್ಯಾ ದಾಖಲೆಯ ಜಾಲತಾಣದಲ್ಲಿ ನಿಮ್ಮ ಗುರುತಿನ ಕಾರ್ಡ್ ಬಳಸಿ ಸಲ್ಲಿಸಬಹುದು, ಇಲ್ಲವೇ ಸ್ಥಳೀಯ ಆಡಳಿತದ ಕಚೇರಿಗೆ ಹೋಗಬಹುದು. ಜೊತೆಗೆ ಬಾಡಿಗೆ ಕರಾರು ಅಥವಾ ಮನೆ ಮಾಲೀಕರ ಒಪ್ಪಿಗೆ ಬೇಕು. ಕರಾರಿಗೆ ಸಹಿ ಹಾಕುವ ಮುಂಚೆಯೇ ನೋಂದಣಿಯ ವಿಷಯ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ ಮುಖ ಗಂಟಿಕ್ಕುವ ಮಾಲೀಕರು ಇಲ್ಲೂ ಇದ್ದಾರೆ. ಮಗುವಿಗೆ ಒಂದೂವರೆ ವರ್ಷ ತುಂಬಿದ ಮೇಲೆ ಶಿಶುವಿಹಾರದ ಜಾಗ, ಮುಂದೆ ಹತ್ತಿರದ ಶಾಲೆ, ಊರಿನ ಭತ್ಯೆಗಳು ಎಲ್ಲವೂ ಈ ಒಂದು ಸಾಲಿನ ಮೇಲೆ ನಿಂತಿವೆ.

ಬಾಡಿಗೆ ಕಡಿಮೆಯೆಂದು ವಲ್ಗಾದ ಕಡೆ ಕಣ್ಣು ಹಾಯಿಸುವವರಿಗೆ ಒಂದು ಎಚ್ಚರಿಕೆ. ಎಸ್ಟೋನಿಯಾದ ಪರವಾನಗಿ ಇದ್ದರೆ ವಲ್ಕಾಕ್ಕೆ ನಡೆದು ಹೋಗಿ ತರಕಾರಿ ತರಬಹುದು. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಲಾಟ್ವಿಯಾದಲ್ಲಿ ಇರಲೂಬಹುದು. ಆದರೆ ಅಲ್ಲಿ ಮನೆ ಮಾಡಿ ನೆಲೆಸಲು, ಕೆಲಸ ಮಾಡಲು ಆ ಪರವಾನಗಿ ಸಾಲದು. ಐರೋಪ್ಯ ಒಕ್ಕೂಟದ ನೆರೆಯವನು ಆಚೆ ಮಲಗಿ ಈಚೆ ದುಡಿಯುವುದನ್ನು ನೋಡಿ ನಾವೂ ಹಾಗೆ ಮಾಡಲಾಗದು. ಬೀದಿ ದಾಟುವಾಗ ಯಾರೂ ಕೇಳುವುದಿಲ್ಲವಾದರೂ ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಜೇಬಿನಲ್ಲಿರಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಇದೇ ಬೀದಿಗೆ ಅಡ್ಡಲಾಗಿ ಮತ್ತೆ ಬೇಲಿ ಬಿದ್ದಿತ್ತು; ಮೇ 15ರವರೆಗೆ ಅದು ಹಾಗೇ ಇತ್ತು.

ಮತದಾನದ ವಿಷಯದಲ್ಲಿ ಹಳೆಯ ಮಾಹಿತಿಯನ್ನು ನಂಬಬೇಡಿ. ದೀರ್ಘಾವಧಿ ನಿವಾಸಿಗಳಾದ ವಿದೇಶೀಯರು ಮುಂಚೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದಿತ್ತು. 2025ರ ಮಾರ್ಚ್‌ನ ಸಂವಿಧಾನ ತಿದ್ದುಪಡಿಯ ನಂತರ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ಹಕ್ಕಿಲ್ಲ. ತೆರಿಗೆಯ ಪಾಲು ಮಾತ್ರ ಎಂದಿನಂತೆ ಊರಿಗೆ ಹೋಗುತ್ತದೆ.