ಒಂದು ಲಕ್ಷ ಮೀಟರ್‌ನ ಲೆಕ್ಕ

ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊ ದೆ ಕಾಂಪೋಸ್ತೆಲಾಕ್ಕೆ ನಡೆದು ಹೋದವರಿಗೆ ಅಲ್ಲಿನ ಕೆಥೆಡ್ರಲ್, ಅಂದರೆ ಮುಖ್ಯ ಚರ್ಚು, ಲ್ಯಾಟಿನ್ ಭಾಷೆಯ ಒಂದು ಪ್ರಮಾಣಪತ್ರ ಕೊಡುತ್ತದೆ. ಅದರ ಹೆಸರೂ ‘ಕಾಂಪೋಸ್ತೆಲಾ’ ಎಂದೇ. ಅದು ಸಿಗಬೇಕಾದರೆ ಕಾಲ್ನಡಿಗೆಯಲ್ಲಿ ಕನಿಷ್ಠ 100 ಕಿ.ಮೀ. ಬಂದಿರಬೇಕು, ಸೈಕಲ್ಲಿನಲ್ಲಾದರೆ 200. 2019ರ ಮೇ ತಿಂಗಳಲ್ಲಿ ನಾನು ಸ್ಪೇನಿನ ನೆಲದ ಮೇಲೆ ನಡೆದದ್ದು 75 ಕಿ.ಮೀ. ಕೂಡ ಪೂರ್ತಿ ಇಲ್ಲ. ಆದರೂ ಆ ಕಾಗದ ನನ್ನ ಬಳಿ ಇದೆ. ಕಳ್ಳಲೆಕ್ಕವೇನೂ ಬರೆಯಲಿಲ್ಲ.

ಕೆಲಸದ ಮೇಲೆ ಐರ್ಲೆಂಡಿನ ಡಬ್ಲಿನ್‌ಗೆ ಬಂದ ನನಗೆ ಒಟ್ಟಿಗೆ ಸಿಗುವ ರಜೆ ನಾಲ್ಕೈದು ದಿನ. ಪ್ರಮಾಣಪತ್ರ ಬೇಕೆನ್ನುವ ಬಹುಮಂದಿ ಸಾರಿಯಾ ಎಂಬ ಊರಿನಿಂದ ನಡೆಯುತ್ತಾರೆ. ಅಲ್ಲಿಂದ ಸಾಂತಿಯಾಗೊಗೆ ಸುಮಾರು 115 ಕಿ.ಮೀ., ಸಾಮಾನ್ಯವಾಗಿ ಐದು ದಿನ. ಹೋಗಿ ಬರುವ ದಿನ ಸೇರಿಸಿದರೆ ರಜೆ ಸಾಲದು. ಆಗ ಕಣ್ಣಿಗೆ ಬಿದ್ದದ್ದು ‘ಇಂಗ್ಲಿಷ್ ದಾರಿ’. ಮಧ್ಯಯುಗದಲ್ಲಿ ಇಂಗ್ಲೆಂಡ್, ಐರ್ಲೆಂಡ್‌ಗಳ ಯಾತ್ರಿಕರು ಹಡಗಿನಲ್ಲಿ ಬಂದು ಫೆರೋಲ್ ಅಥವಾ ಕೊರುನ್ಯಾ ಬಂದರಿನಲ್ಲಿ ಇಳಿದು ಅಲ್ಲಿಂದ ನಡೆಯುತ್ತಿದ್ದರು. ಫೆರೋಲ್‌ನಿಂದ ಸುಮಾರು 120 ಕಿ.ಮೀ., ಆದ್ದರಿಂದ ತಕರಾರಿಲ್ಲ. ಕೊರುನ್ಯಾದಿಂದ 73 ಚಿಲ್ಲರೆ ಕಿ.ಮೀ. ಮಾತ್ರ. ಬಂದರು ಹತ್ತಿರದಲ್ಲಿದ್ದುದು ಆ ಕಾಲದ ಯಾತ್ರಿಕನ ತಪ್ಪಲ್ಲವಲ್ಲ! ಅವನು ತನ್ನ ಊರಿನಿಂದ ಹಡಗಿನವರೆಗೂ ನಡೆದೇ ಬಂದಿರುತ್ತಿದ್ದ. ಈ ನ್ಯಾಯ ಕೆಥೆಡ್ರಲ್‌ಗೂ ಒಪ್ಪಿಗೆಯಾಗಿ, ತಮ್ಮ ದೇಶದಲ್ಲೇ 25 ಕಿ.ಮೀ. ಯಾತ್ರೆಯ ದಾರಿ ನಡೆದು ಬಂದವರಿಗೆ ಕೊರುನ್ಯಾದ ದಾರಿಯನ್ನೂ ಮಾನ್ಯ ಮಾಡಿದ್ದರು. 73ಕ್ಕೆ 25 ಕೂಡಿಸಿದರೆ 98 ಆಗುತ್ತದಲ್ಲ ಎಂದು ನನ್ನೊಳಗಿನ ಲೆಕ್ಕಿಗ ಗೊಣಗಿದ. ನಾನು ಆಯ್ದ ಐರಿಷ್ ದಾರಿ 30 ಕಿ.ಮೀ.ಯಷ್ಟಿದ್ದುದರಿಂದ ಅವನ ಬಾಯಿಯೂ ಮುಚ್ಚಿತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: “ನಿಮ್ಮ ಅಪ್ಪ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದರಲ್ಲ, ಅವರಿಗೆ ಯಾರಪ್ಪ ಸರ್ಟಿಫಿಕೇಟ್ ಕೊಟ್ಟರು?” ಉತ್ತರ ತೋಚದೆ ಮಾತು ಬದಲಿಸಿದೆ.

ಏಪ್ರಿಲ್‌ನ ಒಂದು ಶನಿವಾರ ಬ್ರೇ ಪಟ್ಟಣದಿಂದ ಹೊರಟು ಕಿಲೈನಿ, ಡಾಲ್ಕಿ, ಡನ್ ಲೀರಿ, ಬ್ಲ್ಯಾಕ್‌ರಾಕ್ ಎಂದು ಕಡಲಂಚಿನಲ್ಲೇ ಡಬ್ಲಿನ್‌ವರೆಗೆ ನಡೆದೆ. ದಾರಿಯುದ್ದಕ್ಕೂ ಪಕ್ಕದಲ್ಲೇ ಲೋಕಲ್ ರೈಲು ಓಡುತ್ತಿರುತ್ತದೆ, ಇಪ್ಪತ್ತನೆಯ ಕಿ.ಮೀ. ದಾಟಿದ ಮೇಲೆ ಪ್ರತಿ ನಿಲ್ದಾಣವೂ ಬಾ ಎಂದು ಕರೆಯುವಂತಿತ್ತು. ಕೊನೆಗೆ ಜೇಮ್ಸ್ ಸ್ಟ್ರೀಟ್‌ನ ಸಂತ ಜೇಮ್ಸ್ ಚರ್ಚು. ಪಕ್ಕದ ಗಿನ್ನೆಸ್ ಕಾರ್ಖಾನೆಯಿಂದ ಹುರಿದ ಬಾರ್ಲಿಯ ವಾಸನೆ ಬೀದಿಗೆಲ್ಲ ಹರಡಿತ್ತು, ನಮ್ಮ ಕಡೆ ಕಾಫಿ ಹುರಿಯುವ ಅಂಗಡಿಯ ಮುಂದೆ ನಿಂತ ಹಾಗೆ. ಆ ಬಿಯರ್ ಕಾರ್ಖಾನೆಯ ವಿಳಾಸ ‘ಸೇಂಟ್ ಜೇಮ್ಸ್ ಗೇಟ್’. ಹಿಂದೆ ಯಾತ್ರಿಕರು ಸಾಂತಿಯಾಗೊಗೆ ಹೊರಡುತ್ತಿದ್ದುದು ಆ ಹೆಬ್ಬಾಗಿಲಿನಿಂದಲೇ ಎಂದು ಹೇಳುತ್ತಾರೆ. ಇಂಗ್ಲಿಷಿನ ಜೇಮ್ಸ್, ಸ್ಪ್ಯಾನಿಷಿನ ಸಾಂತಿಯಾಗೊ, ನಮ್ಮ ಕನ್ನಡ ಬೈಬಲ್ಲಿನ ಯಾಕೋಬ ಎಲ್ಲ ಒಬ್ಬನೇ, ಯೇಸುವಿನ ಶಿಷ್ಯ. ಈ ಯಾತ್ರೆ ಅವನ ಹೆಸರಿನದೇ.

ಇಲ್ಲೊಂದು ಎಡವಟ್ಟಾಯಿತು. ನಡೆದದ್ದಕ್ಕೆ ಸಾಕ್ಷಿ ‘ಕ್ರೆದೆನ್ಸಿಯಾಲ್’ ಎಂಬ ಮಡಿಕೆ ಮಡಿಕೆಯ ಪುಸ್ತಿಕೆ. ದಾರಿಯ ಚರ್ಚು, ಕಾಫಿ ಅಂಗಡಿ, ತಂಗುಮನೆಗಳಲ್ಲಿ ಅದರ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕು, ತಾರೀಕು ಬರೆಸಬೇಕು. ಕೊನೆಯ 100 ಕಿ.ಮೀ.ಯಲ್ಲಿ ದಿನಕ್ಕೆ ಕನಿಷ್ಠ ಎರಡು ಮುದ್ರೆ ಎಂಬುದು ಆಗಿನ ನಿಯಮ. ಐರ್ಲೆಂಡಿನ ದಿನಕ್ಕೂ ಅದೇ ಅನ್ವಯಿಸುತ್ತದೆಂದು ಭಾವಿಸಿಯೇ ನಡೆದೆ. ಒಂದು ಚರ್ಚಿನ ಬಾಗಿಲು ಹಾಕಿತ್ತು. ಒಂದು ಕಾಫಿ ಅಂಗಡಿಯ ಹುಡುಗಿ ಮುದ್ರೆ ಒತ್ತಿ ನಗುತ್ತಾ ಕೊಟ್ಟಳು, ನಾನೂ ನಗುತ್ತಾ ತೆಗೆದುಕೊಂಡು ಜೇಬಿಗಿಳಿಸಿದೆ. ಅದರಲ್ಲಿ ತಾರೀಕಿರಲಿಲ್ಲ, ಮನೆಗೆ ಬಂದು ನಾನೇ ಪೆನ್ನಿನಲ್ಲಿ ಬರೆದೆ. ಬರೆದದ್ದು ಸತ್ಯವೇ, ಆದರೆ ಅಕ್ಷರ ನನ್ನದು. ಆ ನೀಲಿ ಅಕ್ಷರ ಮುಂದೆ ಒಂದು ತಿಂಗಳು ನನ್ನನ್ನು ಕಾಡಿತು. ನೀವು ಹೋಗುವುದಾದರೆ ಮುದ್ರೆ ಒತ್ತುವವರ ಕೈಯಲ್ಲೇ ತಾರೀಕು ಬರೆಸಿ, ದಿನಕ್ಕೆ ಎರಡು ಸಾಕೆನಿಸಿದರೂ ಮೂರು ಹಾಕಿಸಿ. ಕೈಗಡಿಯಾರದ ಜಿಪಿಎಸ್ 31 ಕಿ.ಮೀ. ತೋರಿಸಿತ್ತು, ಅದನ್ನು ಕೊನೆಯವರೆಗೂ ಯಾರೂ ಕೇಳಲಿಲ್ಲ.

ಕೊರುನ್ಯಾದಿಂದ ಮೊದಲ ದಿನ ಊರು ದಾಟುವುದೇ ದೊಡ್ಡ ಕೆಲಸ: ಓ ಬುರ್ಗೊದ ಸೇತುವೆಯವರೆಗೂ ಕಟ್ಟಡ, ಹೆದ್ದಾರಿ. ಆಮೇಲೆ ಹಳ್ಳಿ, ನೀಲಗಿರಿ ತೋಪು, ಕಂಬಗಳ ಮೇಲೆ ಕೂರಿಸಿದ ಕಲ್ಲಿನ ಕಣಜಗಳು. ಅಲ್ಲಲ್ಲಿ ಈ ಯಾತ್ರೆಯ ಸಂಕೇತವಾದ ಚಿಪ್ಪಿನ ಗುರುತಿನ ಗ್ರಾನೈಟ್ ಕಲ್ಲುಗಳ ಮೇಲೆ ಉಳಿದ ದೂರವನ್ನು ದಶಮಾಂಶದ ಮುಂದೆ ಮೂರು ಅಂಕಿಗಳವರೆಗೆ ಕೆತ್ತಿರುತ್ತಾರೆ, ಚಿನ್ನ ತೂಗಿದಂತೆ. ಒಂದೇ ದಿನಕ್ಕೆ ಬ್ರೂಮಾ ಮುಟ್ಟುವವರೂ ಇದ್ದಾರೆ, ಅದು 33 ಕಿ.ಮೀ.ಯಷ್ಟಾಗುತ್ತದೆ. ನಾನು ಸಾರಾಂದೊನ್ಸ್ ಬಳಿಯೇ ನಿಂತೆ. ಅಲ್ಲಿಂದ ಮುಂದೆ ಏರು ಶುರುವಾಗುತ್ತದೆ, ಮರುದಿನ ತಾಜಾ ಕಾಲಿನಲ್ಲಿ ಹತ್ತುವುದೇ ಲೇಸು. ಮಳೆ ನಮ್ಮ ಮಲೆನಾಡಿನ ಜಿಟಿಜಿಟಿ ಮಳೆಯೇ. ಊಟದ ವಿಷಯದಲ್ಲಿ ಸಸ್ಯಾಹಾರಿಗೆ ಒಂದು ಎಚ್ಚರಿಕೆ: ಸೊಪ್ಪು, ಆಲೂಗಡ್ಡೆ ಹಾಕಿದ, ಗಾಲಿಸಿಯಾ ಎಂಬ ಈ ಪ್ರಾಂತ್ಯದ ಸಾರು ನೋಡಲು ಬಲು ಸಾಧು, ಆದರೆ ಅದರಲ್ಲಿ ಹಂದಿಯ ಕೊಬ್ಬು ಇರುತ್ತದೆ. ನಾನು ಬ್ರೆಡ್ಡು, ಚೀಸು, ಹುರಿದ ಪಾದ್ರೋನ್ ಮೆಣಸಿನಕಾಯಿಯ ಜೊತೆಗೆ ಚೀಲದಲ್ಲಿದ್ದ ಮಿಡಿ ಉಪ್ಪಿನಕಾಯಿಯಲ್ಲಿ ಕಾಲ ಕಳೆದೆ.

ಬ್ರೂಮಾದಲ್ಲಿ ಫೆರೋಲ್‌ನ ದಾರಿ ಬಂದು ಕೂಡಿಕೊಳ್ಳುತ್ತದೆ. ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಳಿತಿದ್ದ ಒಬ್ಬ ಹಿರಿಯರು, ನಾನು ಕೊರುನ್ಯಾದಿಂದ ಬಂದವನೆಂದು ತಿಳಿದು “ಓಹೋ, ಅರ್ಧ ಟಿಕೆಟ್!” ಎಂದರು. ಐರ್ಲೆಂಡಿನ ಮುದ್ರೆಗಳ ಪುಟ ಬಿಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿ, ತಮ್ಮ ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ಮುಂದಿನ ರಾತ್ರಿ ಸಿಗ್ವೇರೊ, ಮರುದಿನ ಉಳಿದ 16 ಕಿ.ಮೀ. ಕಾಡು, ಕೈಗಾರಿಕಾ ಪ್ರದೇಶ, ಆಮೇಲೆ ಗೋಪುರಗಳು. ಆ ವರ್ಷ ಕೆಥೆಡ್ರಲ್ ಒಳಗೆ ದುರಸ್ತಿ ನಡೆಯುತ್ತಿತ್ತು. ಪೂಜೆ ಸಂತ ಫ್ರಾನ್ಸಿಸ್ ಚರ್ಚಿಗೆ ಸ್ಥಳಾಂತರವಾಗಿ, ಹೆಸರುವಾಸಿ ಧೂಪದ ತೂಗು ಪಾತ್ರೆಯೂ ತೂಗುತ್ತಿರಲಿಲ್ಲ.

ಕರ್ರೆತಾಸ್ ಬೀದಿಯ ಯಾತ್ರಿಕರ ಕಚೇರಿಯಲ್ಲಿ ಸಾಲು. ನನ್ನ ಸರದಿ ಬಂದಾಗ ಮೇಜಿನ ಆಚೆಗಿದ್ದ ಮಹಿಳೆ ಮೊದಲು ಕೇಳಿದ್ದು ದೂರವನ್ನಲ್ಲ, ನಡೆದದ್ದು ಏತಕ್ಕೆ ಎಂದು. ಧಾರ್ಮಿಕ ಅಥವಾ ಆಧ್ಯಾತ್ಮಿಕ ಕಾರಣವಿದ್ದರೆ ಮಾತ್ರ ಕಾಂಪೋಸ್ತೆಲಾ. ಇಲ್ಲದಿದ್ದರೆ ಬೇರೊಂದು ಸ್ವಾಗತಪತ್ರ. ಅಪ್ಪ ತೀರಿಹೋದ ಮೇಲೆ ಅವರ ಹಾಗೆ ಒಮ್ಮೆ ನಡೆಯಬೇಕೆನಿಸಿತ್ತು ಎಂದೆ. ಅವರು ತಲೆಯಾಡಿಸಿ ಐರಿಷ್ ಪುಟಗಳ ಮೇಲೆ ಬೆರಳಿಟ್ಟುಕೊಂಡು ಹೋದರು. ನನ್ನ ನೀಲಿ ಅಕ್ಷರದ ಬಳಿ ಬೆರಳು ನಿಂತಿತು. ಮುಂದಿನ ಮುದ್ರೆಯ ತಾರೀಕು ನೋಡಿದರು, ಮತ್ತೆ ಹಿಂದಕ್ಕೆ ಬಂದರು, ನನ್ನ ಮುಖ ನೋಡಿದರು. ಆಮೇಲೆ ಬೆರಳು ಮುಂದೆ ಸರಿಯಿತು.

ಕಾಂಪೋಸ್ತೆಲಾದಲ್ಲಿ ಹೆಸರನ್ನು ಲ್ಯಾಟಿನ್ ರೂಪಕ್ಕೆ ತಂದು ಬರೆಯುವುದು ವಾಡಿಕೆ. ‘ಮಂಜುನಾಥ’ನಿಗೆ ಲ್ಯಾಟಿನ್ ಎಲ್ಲಿಂದ ತರುವುದು? ಇದ್ದ ಹಾಗೆಯೇ ಬರೆದುಕೊಟ್ಟರು. ಇದು ಉಚಿತ. ದೂರ ನಮೂದಿಸಿದ ಇನ್ನೊಂದು ಪತ್ರಕ್ಕೆ ಆಗ 3 ಯೂರೊ ಇತ್ತು. ಅದರ ಗೋಜಿಗೆ ನಾನು ಹೋಗಲಿಲ್ಲ.

ರಾತ್ರಿ ಅಮ್ಮನಿಗೆ ವಿಡಿಯೊ ಕರೆ ಮಾಡಿ ಕಾಗದ ತೋರಿಸಿದೆ. ಅದರಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆದಿಲ್ಲ, ‘ಕೊನೆಯ ನೂರು ಸಾವಿರ ಮೀಟರ್’ ಎಂದಿದೆ. ನನ್ನ ಆ ‘ಕೊನೆಯ’ ಮೀಟರುಗಳಲ್ಲಿ ಮೂವತ್ತು ಸಾವಿರ ಐರ್ಲೆಂಡಿನ ಕಡಲ ದಂಡೆಯಲ್ಲಿವೆ ಎಂಬುದು ಲ್ಯಾಟಿನ್‌ಗೆ ಗೊತ್ತಿಲ್ಲ.

“ಲಕ್ಷ ಮೀಟರ್ ಎಂದರೆ ಎಷ್ಟಾಯಿತೋ?” ಎಂದರು ಅಮ್ಮ.

“ಅಂದಾಜು ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಹೋಗಿ, ವಾಪಸ್ ಚಾರ್ಮಾಡಿ ಘಾಟಿ ಹತ್ತಿದಷ್ಟು.”

“ನಿಮ್ಮ ಅಪ್ಪ ಬರುವಾಗ ಬಸ್ಸಿನಲ್ಲಿ ಬಂದಿದ್ದರು” ಎಂದರು.