ಫ್ಯಾಶನ್ ಡಿಸೈನ್ ಓದಲು ಹೊರಟವರು ಮೊದಲು ನೋಡಬೇಕಾದದ್ದು ಕಟಿಂಗ್ ಟೇಬಲ್

ಪಿಯುಸಿ ಫಲಿತಾಂಶ ಬಂದ ವಾರವೇ ಬಾಗಲಕೋಟೆ, ಗದಗ ಕಡೆಯಿಂದ ನನಗೆ ಫೋನ್ ಕರೆಗಳು ಶುರುವಾಗುತ್ತವೆ. ಮಗಳು ಫ್ಯಾಶನ್ ಡಿಸೈನ್ ಓದುತ್ತೇನೆ ಎನ್ನುತ್ತಿದ್ದಾಳೆ, ಬೆಂಗಳೂರಿನ ಯಾವ ಖಾಸಗಿ ಕಾಲೇಜಿಗೆ ಸೇರಿಸಲಿ ಎಂದು ಕೇಳುತ್ತಾರೆ. ನಾನು ಗುಳೇದಗುಡ್ಡದ ಖಣ ನೇಯುವ ಮನೆಯವಳು. ಬೆಂಗಳೂರಿನ ಒಂದು ಖಾಸಗಿ ಡಿಸೈನ್ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ, ಈಗ ಪೀಣ್ಯದ ಒಂದು ಗಾರ್ಮೆಂಟ್ ಕಂಪನಿಯ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚು) ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಫೋನಿನಲ್ಲಿ ಕಾಲೇಜಿನ ಹೆಸರು ಹೇಳುವುದಿಲ್ಲ; ಹೇಗೆ ನೋಡಿ ಆರಿಸಬೇಕು, ಸೇರಿದ ಮೇಲೆ ಹೇಗೆ ಓದಬೇಕು ಎಂಬುದನ್ನು ಹೇಳುತ್ತೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಖಾಸಗಿ ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಉಳಿದ ದಾರಿಗಳನ್ನೂ ಒಮ್ಮೆ ನೋಡಿ. ಕೇಂದ್ರ ಜವಳಿ ಸಚಿವಾಲಯದ ಅಡಿಯಲ್ಲಿ 1986ರಲ್ಲಿ ಶುರುವಾದ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ಗೆ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಕ್ಯಾಂಪಸ್ ಇದೆ. ಅದರ ಪ್ರವೇಶ ಪರೀಕ್ಷೆ ಬರೆಯದೆ ನೇರವಾಗಿ ಖಾಸಗಿ ಕಾಲೇಜಿಗೆ ಹೋಗಬೇಡಿ. ಸೀಟು ಸಿಗದಿದ್ದರೂ ಆ ತಯಾರಿ ನಿಮ್ಮ ಕೈಯನ್ನು ಪಳಗಿಸುತ್ತದೆ. ಮೂರು ವರ್ಷದ ಫ್ಯಾಶನ್ ಮತ್ತು ಅಪರೆಲ್ ಡಿಸೈನ್ ಬಿ.ಎಸ್ಸಿ. ಸಾಧಾರಣ ಪದವಿ ಕಾಲೇಜುಗಳಲ್ಲೂ ಇದೆ. ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ನಮ್ಮ ವಿಭಾಗದಲ್ಲಿ ಪಾಲಿಟೆಕ್ನಿಕ್‌ನಿಂದ ಬಂದ ಹುಡುಗಿಯರಿದ್ದಾರೆ. ಅವರ ಹೊಲಿಗೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆನ್ನಾಗಿದೆ.

ಇವೆಲ್ಲ ನೋಡಿಯೂ ಖಾಸಗಿ ಡಿಸೈನ್ ಕಾಲೇಜೇ ಬೇಕು ಎಂದಾದರೆ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಗೆ ಸಿಗುವ ಪ್ರಮಾಣಪತ್ರದ ಮೇಲೆ ಯಾರ ಹೆಸರು ಇರುತ್ತದೆ? 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 22ನೇ ಕಲಂ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಆ ಹಕ್ಕು ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಕಾಲೇಜು ಎಷ್ಟೇ ಚಂದದ ಕಟ್ಟಡದಲ್ಲಿರಲಿ, ಬಿ.ಡೆಸ್. (ಬ್ಯಾಚುಲರ್ ಆಫ್ ಡಿಸೈನ್) ಅಥವಾ ಬಿ.ಎಸ್ಸಿ. ಪದವಿಯನ್ನು ಅದು ತಾನಾಗಿ ಕೊಡುವಂತಿಲ್ಲ. ಹಿಂದೆ ಒಂದು ವಿಶ್ವವಿದ್ಯಾಲಯ ಇರಲೇಬೇಕು. ಕರಪತ್ರದಲ್ಲಿ ‘ಅಂತರರಾಷ್ಟ್ರೀಯ ಮಾನ್ಯತೆ’, ‘ಉದ್ಯಮದ ಸಹಯೋಗ’ ಎಂದೆಲ್ಲ ಇರುತ್ತದೆ. ಅದನ್ನು ಬದಿಗಿಟ್ಟು, ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದೆ ಎನ್ನುವ ಈ ವರ್ಷದ ಸಂಯೋಜನೆ ಪತ್ರ ತೋರಿಸಿ ಎನ್ನಿ. ಹಿಂದಿನ ವರ್ಷದ ವಿದ್ಯಾರ್ಥಿಯ ಅಂಕಪಟ್ಟಿಯನ್ನು ನೋಡಲು ಕೇಳಿ. ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿಯ ಪಟ್ಟಿಯಲ್ಲಿ ಹುಡುಕಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತದೆ, ಅದನ್ನೂ ನೋಡಿ. ಮುಂದೆ ಸ್ನಾತಕೋತ್ತರ ಓದಲು, ಅಧ್ಯಾಪಕಿಯಾಗಲು, ಬ್ಯಾಂಕಿನಲ್ಲಿ ಸಾಲ ಕೇಳಲು ಈ ಹೆಸರೇ ಲೆಕ್ಕಕ್ಕೆ ಬರುವುದು. ಈಗಾಗಲೇ ಒಂದು ಪದವಿ ಕೈಯಲ್ಲಿದ್ದು ಪ್ಯಾಟರ್ನ್ ಕೆಲಸ ಮಾತ್ರ ಕಲಿಯಬೇಕೆಂದಿರುವವರಿಗೆ ಸಂಸ್ಥೆಯದೇ ಆದ ಒಂದು ವರ್ಷದ ಡಿಪ್ಲೊಮಾ ಸಾಕು. ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿಗೆ ಅದು ಸಾಲದು.

ಎರಡನೆಯ ಕೆಲಸ ಕಾಲೇಜಿಗೆ ಹೋಗಿ ನೋಡುವುದು. ಪಾಲಕರಿಗಾಗಿ ಅಲಂಕರಿಸಿದ ದಿನ ಹೋಗಬೇಡಿ, ತರಗತಿ ನಡೆಯುವ ದಿನ ಹೋಗಿ. ಸ್ವಾಗತ ಕೊಠಡಿಯಲ್ಲಿ ಫ್ಯಾಶನ್ ಶೋ ಫೋಟೋ ತೋರಿಸುತ್ತಾರೆ. ಅದನ್ನು ನೋಡಿದ ಮೇಲೆ ಪ್ಯಾಟರ್ನ್ ಕೊಠಡಿ ಎಲ್ಲಿ ಎಂದು ಕೇಳಿ. ನಿಂತುಕೊಂಡು ಕೆಲಸ ಮಾಡಲು ಬರುವ, ಸೊಂಟದೆತ್ತರದ ದೊಡ್ಡ ಟೇಬಲ್‌ಗಳು ಇರಬೇಕು. ಕುಳಿತು ಬರೆಯುವ ಬೆಂಚಿನ ಮೇಲೆ ಸ್ಕರ್ಟ್ ಕತ್ತರಿಸಲಾಗುವುದಿಲ್ಲ. ಕಾರ್ಖಾನೆಯಲ್ಲಿ ಬಳಸುವಂಥ ಸಿಂಗಲ್ ನೀಡಲ್ ಮೆಷಿನ್ ಎಷ್ಟಿವೆ, ಒಂದು ತರಗತಿಯಲ್ಲಿ ವಿದ್ಯಾರ್ಥಿಗಳು ಎಷ್ಟಿದ್ದಾರೆ ಎಂದು ನೀವೇ ಎಣಿಸಿ. ಓವರ್‌ಲಾಕ್ ಮೆಷಿನ್ ನಡೆಯುತ್ತಿದೆಯೇ ಅಥವಾ ಮೇಲೆ ಹೊದಿಕೆ ಬಿದ್ದಿದೆಯೇ ನೋಡಿ. ಡ್ರೆಸ್ ಫಾರ್ಮ್‌ಗಳ (ಬಟ್ಟೆ ತೊಡಿಸಿ ನೋಡುವ ಬೊಂಬೆಗಳ) ಮೈಮೇಲೆ ಗುಂಡುಪಿನ್ನಿನ ಗುರುತುಗಳಿರಬೇಕು, ನೆಲದ ಮೇಲೆ ಕೋರಾ ಬಟ್ಟೆಯ ಚೂರು ಬಿದ್ದಿರಬೇಕು. ಹೊಳೆಯುವಷ್ಟು ಸ್ವಚ್ಛವಾಗಿರುವ ಪ್ಯಾಟರ್ನ್ ಕೊಠಡಿ ನನಗೆ ಅನುಮಾನ ಹುಟ್ಟಿಸುತ್ತದೆ. ಸಂಜೆ ಎಷ್ಟು ಹೊತ್ತಿನವರೆಗೆ ಆ ಕೊಠಡಿ ತೆರೆದಿರುತ್ತದೆ ಎಂದು ಕೇಳಲೇಬೇಕು. ತರಗತಿ ಮುಗಿದ ಕೂಡಲೇ ಬೀಗ ಹಾಕುವ ಕಾಲೇಜಿನಲ್ಲಿ ನೀವು ಕಟ್ಟುವ ಶುಲ್ಕದ ಅರ್ಧ ಬೆಲೆ ಅಲ್ಲಿಗೇ ಹೋಯಿತು.

ಮಾಸ್ಟರ್ ಯಾರು ಎಂಬುದನ್ನೂ ವಿಚಾರಿಸಿ. ಪ್ರಾಧ್ಯಾಪಕರ ಜತೆಗೆ, ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕತ್ತರಿ ಹಿಡಿದ ಒಬ್ಬ ಮಾಸ್ಟರ್ ಕೊಠಡಿಯಲ್ಲಿ ದಿನವಿಡೀ ಇರುವ ಕಾಲೇಜನ್ನು ನಾನು ಮೊದಲು ಆರಿಸುತ್ತೇನೆ. ನನಗೆ ತೋಳು ಕೂರಿಸುವುದನ್ನು ಕಲಿಸಿದ್ದು ಅಂಥ ಒಬ್ಬ ಹಿರಿಯರು. ಪುಸ್ತಕದಲ್ಲಿದ್ದ ಗೆರೆಯ ಅರ್ಥ ಅವರ ಬೆರಳು ಬಟ್ಟೆಯನ್ನು ತಳ್ಳುವಾಗ ತಿಳಿಯುತ್ತಿತ್ತು.

ಹೊರಡುವ ಮೊದಲು ಮೂರನೇ ವರ್ಷದ ವಿದ್ಯಾರ್ಥಿಗಳ ಹತ್ತಿರ ಹತ್ತು ನಿಮಿಷ ಮಾತನಾಡಿ. ‘ಶೋನಲ್ಲಿ ತೋರಿಸಿದ ಉಡುಪನ್ನು ಹೊಲಿದವರು ಯಾರು?’ ಎಂದು ಕೇಳಿ. ಇದು ಬಹಳ ಮುಖ್ಯ. ಚಿತ್ರ ಬರೆದು, ಹೊರಗಿನ ಟೈಲರ್‌ಗೆ ದುಡ್ಡು ಕೊಟ್ಟು ಹೊಲಿಸಿ ತಂದು, ಅಂಕ ಪಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಕಾಲೇಜು ನೋಡಿಯೂ ನೋಡದಂತೆ ಇರುತ್ತದೆ. ಹಾಗೆ ಓದಿದವರು ನಾಲ್ಕು ವರ್ಷವಾದರೂ ಕಂಕುಳಲ್ಲಿ ಬಟ್ಟೆ ಏಕೆ ಎಳೆಯುತ್ತಿದೆ ಎಂದು ಹೇಳಲಾರರು. ಅಪ್ಪ, ಅವ್ವ ಮಗ್ಗದಲ್ಲಿ ಕೂತು, ಹೊಲದಲ್ಲಿ ದುಡಿದು ಕಟ್ಟಿದ ಹಣ ಅದು. ಇದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಹಣದ ಮಾತಿಗೆ ಬರೋಣ. ಮೊದಲ ವರ್ಷದ ಶುಲ್ಕವನ್ನಷ್ಟೇ ಕೇಳಿಕೊಂಡು ಮನೆಗೆ ಬರಬೇಡಿ. ನಾಲ್ಕೂ ವರ್ಷದ ಶುಲ್ಕವನ್ನು ಬರಹದಲ್ಲಿ ಪಡೆಯಿರಿ. ಅದರ ಮೇಲೆ ಬಟ್ಟೆ, ಮುದ್ರಣ, ಲ್ಯಾಪ್‌ಟಾಪ್, ಹಾಸ್ಟೆಲ್, ಕೊನೆಯ ವರ್ಷದ ಕಲೆಕ್ಷನ್ (ವಿದ್ಯಾರ್ಥಿಯೇ ವಿನ್ಯಾಸ ಮಾಡಿ ತೋರಿಸುವ ಉಡುಪುಗಳ ಗುಂಪು) ಖರ್ಚು ಇರುತ್ತದೆ. ಕಲೆಕ್ಷನ್‌ಗೆ ಎಷ್ಟಾಯಿತು ಎಂದು ಕೊನೆಯ ವರ್ಷದವರನ್ನೇ ಕೇಳಿ, ಕಚೇರಿಯವರನ್ನು ಕೇಳಬೇಡಿ. ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವುದಿಲ್ಲ, 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಯೋಜನೆ ಇದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ನೋಡಿ. ಎರಡಕ್ಕೂ ಕೋರ್ಸಿನ ಮಾನ್ಯತೆ ಕೇಳುತ್ತಾರೆ. ಮೇಲೆ ಹೇಳಿದ ಪ್ರಮಾಣಪತ್ರದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

‘ಇವತ್ತೇ ಕಟ್ಟಿದರೆ ರಿಯಾಯಿತಿ’ ಎನ್ನುವವರಿಗೆ ಹೆದರಬೇಡಿ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ ವಾಪಸ್ ಕೊಡಬೇಕು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗಾದರೆ ಶೇ 80, 15 ದಿನ ದಾಟಿ 30 ದಿನದೊಳಗಾದರೆ ಶೇ 50. ಮೂಲ ಅಂಕಪಟ್ಟಿಯನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತೆಯೂ ಇಲ್ಲ; ಪರಿಶೀಲಿಸಿ ಹಿಂದಿರುಗಿಸಬೇಕು. ವಿಶ್ವವಿದ್ಯಾಲಯಕ್ಕೆ ಸೇರದ ಸಂಸ್ಥೆಗಳಿಗೆ ಈ ನಿಯಮ ತಾಗುವುದಿಲ್ಲ ಎಂಬುದನ್ನು ನೆನಪಿಡಿ.

ಪ್ರವೇಶಕ್ಕೆ ಹೆಚ್ಚಿನ ಖಾಸಗಿ ಕಾಲೇಜುಗಳು ಪೋರ್ಟ್‌ಫೋಲಿಯೊ (ನಿಮ್ಮ ಕೆಲಸಗಳ ಕಡತ) ಮತ್ತು ಸಂದರ್ಶನ ಇಟ್ಟಿರುತ್ತವೆ. ಮೊಬೈಲಿನಲ್ಲಿ ನೋಡಿದ ಉದ್ದ ಕಾಲಿನ ಮಾಡೆಲ್ ಚಿತ್ರಗಳನ್ನು ನಕಲು ಮಾಡಿ ಒಯ್ಯಬೇಡಿ. ಎಲ್ಲರೂ ಅದನ್ನೇ ತಂದಿರುತ್ತಾರೆ. ನಿಮ್ಮೂರಿನಲ್ಲಿ ಇರುವುದನ್ನು ನೋಡಿ ಬರೆಯಿರಿ. ಅಜ್ಜಿ ಕಚ್ಚೆ ಸೀರೆ ಉಡುವಾಗ ಬಟ್ಟೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಂತಹಂತವಾಗಿ ಚಿತ್ರಿಸಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ) ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಜಾಗವನ್ನು ಹತ್ತಿರದಿಂದ ನೋಡಿ. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತ್ಯೆ ಹೊಲಿಗೆಗಳನ್ನು ಒಂದೊಂದು ಚೌಕದಲ್ಲಿ ಸ್ವತಃ ಹಾಕಿ, ಹಿಂಬದಿಯೂ ಕಾಣುವಂತೆ ಅಂಟಿಸಿ. ಗವಂತಿ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಸಂದರ್ಶಕರು ಪ್ರಶ್ನೆ ಕೇಳುವುದು ಇಂಥ ಪುಟಗಳ ಮೇಲೆಯೇ, ಮತ್ತು ಆ ಪ್ರಶ್ನೆಗಳಿಗೆ ನಿಮ್ಮ ಬಳಿ ಉತ್ತರ ಇರುತ್ತದೆ.

ಸೇರಿದ ಮೇಲೆ ಮೊದಲ ವರ್ಷವನ್ನು ಬಟ್ಟೆಗೆ ಕೊಡಿ. ಎಲ್ಲ ಉಪಕರಣವನ್ನೂ ಒಮ್ಮೆಲೇ ಕೊಳ್ಳಬೇಡಿ. ಬಟ್ಟೆಗೆ ಒಂದು ಒಳ್ಳೆಯ ಕತ್ತರಿ, ಕಾಗದಕ್ಕೆ ಬೇರೆ ಕತ್ತರಿ, ಟೇಪು, ಫ್ರೆಂಚ್ ಕರ್ವ್, ಟ್ರೇಸಿಂಗ್ ವೀಲ್, ಗುಂಡುಪಿನ್ನು, ಚಾಕ್ ಇದ್ದರೆ ಸಾಕು. ಬಟ್ಟೆಯ ಕತ್ತರಿಯಿಂದ ಯಾರಿಗೂ ಕಾಗದ ಕತ್ತರಿಸಲು ಬಿಡಬೇಡಿ. ಕೋರಾ ಬಟ್ಟೆಗೆ ಚಿಕ್ಕಪೇಟೆ, ಲೇಸು, ಗುಂಡಿ, ಜಿಪ್‌ಗಳಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್. ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಸುತ್ತಬಹುದು. ಅಂಗಡಿಯವರಿಂದ ಚೂರು ಬಟ್ಟೆ ಕೇಳಿ ತಂದು, ಒಂದೊಂದು ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆದು ಬೂದಿಯಾಗುತ್ತದೆ. ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ‘ಪ್ಯೂರ್ ಸಿಲ್ಕ್’ ಎಂದದ್ದು ಏನು ಎಂದು ಆಮೇಲೆ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ನೇಕಾರರ ಮನೆಯವರಿಗೆ ಹಾಸು, ಹೊಕ್ಕು (ಅಡ್ಡ ಎಳೆ) ಗೊತ್ತಿರುತ್ತದೆ. ಪ್ಯಾಟರ್ನ್ ಕಾಗದದ ಮೇಲೆ ಎಳೆಯುವ ಗ್ರೇನ್‌ಲೈನ್ ಎಂದರೆ ಹಾಸಿನ ದಿಕ್ಕು, ಅಷ್ಟೇ. ಹಾಸಿನ ಉದ್ದಕ್ಕೆ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. 45 ಡಿಗ್ರಿ ಕ್ರಾಸ್‌ನಲ್ಲಿ ಹಿಗ್ಗುತ್ತದೆ, ಇಳಿಬೀಳುತ್ತದೆ. ಈ ಎರಡು ವಾಕ್ಯಗಳನ್ನು ಕೈ ತಿಳಿದುಕೊಂಡರೆ ಡ್ರೇಪಿಂಗ್ (ಬೊಂಬೆಯ ಮೇಲೆ ಬಟ್ಟೆ ಹೊದಿಸಿ ಆಕಾರ ಕೊಡುವ) ತರಗತಿಯ ಅರ್ಧ ಪಾಠ ಆದಂತೆ.

ಆಮೇಲೆ ಬೇಸಿಕ್ ಬಾಡೀಸ್ (ಮೇಲ್ಮೈಯ ಮೂಲ ಪ್ಯಾಟರ್ನ್), ತೋಳು, ಸ್ಕರ್ಟ್. ಈ ಮೂರನ್ನು ಕಾಲೇಜು ಕೇಳಿದ್ದಕ್ಕಿಂತ ಹೆಚ್ಚು ಸಲ ಮಾಡಿ. ನಿಮ್ಮ ಅಳತೆಗೆ ಮಾಡಿ, ಗೆಳತಿಯ ಅಳತೆಗೆ ಮಾಡಿ, ಹಾಸ್ಟೆಲ್‌ನಲ್ಲಿ ಅಡುಗೆ ಮಾಡುವ ಅಕ್ಕನ ಅಳತೆಗೆ ಮಾಡಿ. ಡ್ರೆಸ್ ಫಾರ್ಮ್ ಬಾಗುವುದಿಲ್ಲ, ಉಸಿರಾಡುವುದಿಲ್ಲ, ಕೈ ಎತ್ತುವುದಿಲ್ಲ. ಒಂದು ಲೆಕ್ಕ ಗಮನಿಸಿ. ಮುಂಭಾಗಕ್ಕೆ ಎರಡು ಪಕ್ಕದ ಅಂಚು, ಹಿಂಭಾಗಕ್ಕೆ ಎರಡು. ಒಂದೊಂದರಲ್ಲಿ ಕಾಲು ಇಂಚು ತಪ್ಪಿದರೆ ಸುತ್ತಳತೆಯಲ್ಲಿ ಒಂದು ಇಂಚು ತಪ್ಪಿತು. ಕಾರ್ಖಾನೆಯಲ್ಲಿ ಅದೇ ಪ್ಯಾಟರ್ನ್‌ನಿಂದ ಸಾವಿರಾರು ಉಡುಪು ಕತ್ತರಿಸುತ್ತಾರೆ. ಇಲಸ್ಟ್ರೇಟರ್, ಕ್ಲೋ 3ಡಿ ಎಂಬ ಕಂಪ್ಯೂಟರ್ ತಂತ್ರಾಂಶಗಳನ್ನು ಕಲಿಯಲೇಬೇಕು, ಆದರೆ ಬಾಡೀಸ್ ಕೈಗೆ ಬಂದ ಮೇಲೆ. ಪರದೆಯ ಮೇಲೆ ಬೊಂಬೆಗೆ ತೊಡಿಸಿದ ಅಂಗಿ ಏಕೆ ಸುಕ್ಕುಗಟ್ಟಿದೆ ಎಂದು ಗುರುತಿಸಲು ಮೊದಲು ಕೋರಾ ಬಟ್ಟೆಯಲ್ಲಿ ಆ ಸುಕ್ಕನ್ನು ಬಿಡಿಸಿರಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರು ಜ್ಯೂರಿಯ (ಪರೀಕ್ಷಕರ ಮುಂದೆ ಕೆಲಸ ತೋರಿಸುವ) ದಿನ ಬಾಯಿ ಕಟ್ಟಿದಂತಾಗುವುದನ್ನು ಕಂಡಿದ್ದೇನೆ. ಅಲ್ಲಿ ಭಾಷಣ ಬೇಡ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಏನು ಮಾಡಿದೆ, ಏಕೆ ಮಾಡಿದೆ, ಯಾವುದು ಆಗಲಿಲ್ಲ ಎಂಬ ಮೂರು ಮಾತುಗಳನ್ನು ಹಿಂದಿನ ರಾತ್ರಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಡಾರ್ಟ್ (ಮೈಗೆ ಕೂರಲು ಮಡಚಿ ಹೊಲಿಯುವ ಮಡಿಕೆ), ನಾಚ್ (ಜೋಡಿಸುವ ಗುರುತು), ಮಾರ್ಜಿನ್, ಲೈನಿಂಗ್ ಎಂಬ ಪದಗಳನ್ನು ನಿಮ್ಮೂರಿನ ಟೈಲರ್ ಅಂಗಡಿಯಲ್ಲೂ ಕೇಳಿಯೇ ಇರುತ್ತೀರಿ.

ಇಂಟರ್ನ್‌ಶಿಪ್‌ಗೆ ಎಲ್ಲರೂ ಬೂಟಿಕ್ ಹುಡುಕುತ್ತಾರೆ. ಒಂದನ್ನಾದರೂ ಕಾರ್ಖಾನೆಯಲ್ಲಿ ಮಾಡಿ. ಪೀಣ್ಯ, ಬೊಮ್ಮಸಂದ್ರ, ಮೈಸೂರು ರಸ್ತೆಯ ಕಡೆ ರಫ್ತು ಮಾಡುವ ಘಟಕಗಳಿವೆ. ಜೀನ್ಸ್ ಕಲಿಯಬೇಕೆಂದರೆ ಬಳ್ಳಾರಿ ಇದೆ. ಸ್ಯಾಂಪ್ಲಿಂಗ್ ವಿಭಾಗ ಕೇಳಿ ಪಡೆಯಿರಿ. ಟೆಕ್‌ಪ್ಯಾಕ್ (ಉಡುಪಿನ ಅಳತೆ, ಹೊಲಿಗೆಯ ವಿವರ ಪತ್ರ) ಓದುವುದು, ಖರೀದಿದಾರರು ಒಪ್ಪುವ ಅಳತೆಯ ಏರುಪೇರು ಎಷ್ಟು ಎಂದು ತಿಳಿಯುವುದು, ತಿರಸ್ಕೃತವಾದ ಸ್ಯಾಂಪಲ್ ಏಕೆ ತಿರಸ್ಕೃತವಾಯಿತು ಎಂದು ನೋಡುವುದು ಅಲ್ಲಿ ಮಾತ್ರ ಸಾಧ್ಯ. ಮೆಷಿನ್ ಮೇಲೆ ಕೂತಿರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಹತ್ತಿರ ಕೂತು, ‘ಅಕ್ಕಾ, ಇದನ್ನು ಹೇಗೆ ಹಿಡಿಯಬೇಕು?’ ಎಂದು ಕೇಳಿ. ನೀವು ಬರೆದ ಚಿತ್ರ ಒಂದು ದಿನ ಅವರ ಬೆರಳ ಕೆಳಗೆ ಬರುತ್ತದೆ. ಯಾವ ತಿರುವು ಹೊಲಿಯಲು ಕಷ್ಟ ಎಂದು ಗೊತ್ತಿದ್ದರೆ ನಿಮ್ಮ ಗೆರೆ ಬದಲಾಗುತ್ತದೆ.

ಕೊನೆಯ ವರ್ಷದ ಕಲೆಕ್ಷನ್‌ಗೆ ನಮ್ಮ ಖಣವನ್ನು ಆರಿಸುವವರು ಈಗ ಹೆಚ್ಚಾಗಿದ್ದಾರೆ. ಇದರಿಂದ ನನಗೆ ಸಂತೋಷ. ಖಣವನ್ನು ನೇಯುವುದು ಕುಪ್ಪಸಕ್ಕಾಗಿ, ಹಾಗಾಗಿ ಅದರ ಅಗಲ ಕಡಿಮೆ. ಅಗಲ ಬಟ್ಟೆಗೆ ಮಾಡಿದ ಗೌನಿನ ಪ್ಯಾಟರ್ನ್ ಅನ್ನು ಅದರ ಮೇಲೆ ಇಟ್ಟರೆ ಹಿಡಿಸುವುದಿಲ್ಲ. ನಡುವೆ ಜೋಡಿಸಿ ಹೊಲಿದರೆ ವಿನ್ಯಾಸ ತುಂಡಾಗುತ್ತದೆ. ಬಟ್ಟೆಯ ಅಗಲವನ್ನು ಮೊದಲು ಅಳೆದು, ಅದಕ್ಕೆ ತಕ್ಕ ಪ್ಯಾನೆಲ್‌ಗಳಾಗಿ ಉಡುಪನ್ನು ಯೋಚಿಸಿ. ಅಂಚು ಬರುವ ಕಡೆಯೇ ಹೊಲಿಗೆಯನ್ನು ಇಡಿ. ಇದಕ್ಕಾಗಿ ಗುಳೇದಗುಡ್ಡಕ್ಕೆ ಬಂದು ಮಗ್ಗದ ಪಕ್ಕ ಕೂತು ಮಾತನಾಡಿ. ಸ್ಯಾಂಪಲ್ ಎಂದು ಪುಕ್ಕಟೆ ಕೇಳಬೇಡಿ. ನೇಕಾರರು ಹೇಳಿದ ಬೆಲೆ ಕೊಡಿ, ಒಪ್ಪಿಗೆ ಕೇಳಿ ಅವರ ಹೆಸರನ್ನು ನಿಮ್ಮ ಯೋಜನಾ ವರದಿಯಲ್ಲಿ ಬರೆಯಿರಿ. ಸಂಡೂರಿನ ಲಂಬಾಣಿ ಕಸೂತಿಗೂ, ಮೊಳಕಾಲ್ಮುರು ರೇಷ್ಮೆಗೂ ಇದೇ ಮಾತು.

ಕೆಲಸದ ಸಂದರ್ಶನಕ್ಕೆ ಪೋರ್ಟ್‌ಫೋಲಿಯೊ ಜತೆಗೆ ನೀವೇ ಕತ್ತರಿಸಿ, ನೀವೇ ಹೊಲಿದ ಒಂದು ಉಡುಪನ್ನೂ ಅದರ ಕಾಗದದ ಪ್ಯಾಟರ್ನ್ ಅನ್ನೂ ಒಯ್ಯಿರಿ. ನಮ್ಮ ವಿಭಾಗಕ್ಕೆ ಬರುವ ಅಭ್ಯರ್ಥಿಗಳ ಉಡುಪನ್ನು ನಾವು ಮೊದಲು ಒಳಮೈ ತಿರುಗಿಸಿ ನೋಡುತ್ತೇವೆ: ಮಾರ್ಜಿನ್ ಸಮವಾಗಿದೆಯೇ, ಲೈನಿಂಗ್ ಎಳೆಯುತ್ತಿದೆಯೇ, ತೋಳಿನ ನಾಚ್ ಕೂಡಿದೆಯೇ ಎಂದು. ಆಮೇಲೆ ಕುಳಿತುಕೊಳ್ಳಲು ಹೇಳುತ್ತೇವೆ.