ಅಮಿಗಾ 500 ಹ್ಯಾಂಗ್ ಆಗ್ತಿದೆಯಾ? ಮೊದಲು ಡಿಸ್ಕ್ ಹೊರಗೆ ತೆಗೆಯಿರಿ

ಮೂರು ವಾರ ನಾನು ಬೈದದ್ದೆಲ್ಲ ಫ್ಲಾಪಿಗಳಿಗೆ. ನನ್ನ ಅಮಿಗಾ 500, ಅಂದರೆ 1980ರ ದಶಕದ ಆ ಮನೆಬಳಕೆಯ ಕಂಪ್ಯೂಟರ್, ಆನ್ ಮಾಡಿದರೆ ಒಂದು ಸಲ ಅದರ ಡೆಸ್ಕ್‌ಟಾಪ್ ವರ್ಕ್‌ಬೆಂಚ್ ಬರುತ್ತಿತ್ತು, ಇನ್ನೊಂದು ಸಲ ಕಪ್ಪು ಪರದೆ ಮೇಲೆ ಕೆಂಪು ಚೌಕಟ್ಟು ಮಿಟುಕಿಸುತ್ತ ಗುರು ಮೆಡಿಟೇಶನ್ ಎಂಬ ಕ್ರ್ಯಾಶ್ ಸಂದೇಶ. ಸಂಜೆ ಸೇವ್ ಮಾಡಿದ ಫೈಲು ಬೆಳಗ್ಗೆ ಓದಲು ಬರುತ್ತಿರಲಿಲ್ಲ. ಡಿಸ್ಕಿಗೆ ವಯಸ್ಸಾಯಿತು ಅಂದುಕೊಂಡು ಬೇರೆ ಡಿಸ್ಕ್ ಹಾಕಿದೆ. ಅದೂ ಹೋಯಿತು. ಕೊನೆಗೆ ಮೆಷಿನ್ ಮಗುಚಿ, ತಳದ ಮುಚ್ಚಳ ತೆಗೆದು ನೋಡಿದರೆ, 512 ಕೆಬಿ ಮೆಮೊರಿ ಕಾರ್ಡಿನ ಬ್ಯಾಟರಿ ಸೋರಿ ಸುತ್ತಲೂ ಹಸಿರು ಪುಡಿ ಕಟ್ಟಿತ್ತು. ನನ್ನ ಫೈಲು ಡಿಸ್ಕ್ ತಲುಪುವ ಮೊದಲೇ ಮೆಮೊರಿಯಲ್ಲಿ ಕೆಟ್ಟಿರುತ್ತಿತ್ತು.

ಹಾಗಾಗಿ ಈಗ ನಾನು ನೋಡುವ ಕ್ರಮವೇ ಬೇರೆ. ಕರೆಂಟು, ಮೆಮೊರಿ, ಚಿಪ್ಪು, ಡ್ರೈವು, ಆಮೇಲೆ ಡಿಸ್ಕು. ಅಲ್ಲಿಯವರೆಗೆ ಬೇಕಾದ ಡಿಸ್ಕ್ ಯಾವುದನ್ನೂ ಒಳಗೆ ಹಾಕಬೇಡಿ. ಹಾಕಲೇಬೇಕಾದರೆ ಮೂಲೆಯ ಪುಟ್ಟ ಗುಂಡಿ ಸರಿಸಿ ತೂತು ತೆರೆದಿಡಿ. ತೂತಿನ ಆಚೆ ಬೆಳಕು ಕಂಡರೆ ಮೆಷಿನ್ ಅದರ ಮೇಲೆ ಬರೆಯಲಾರದು.

ಕರೆಂಟು ಐದು ನಿಮಿಷದ ಕೆಲಸ. ಡ್ರೈವಿಗೆ ಹೋಗುವ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಎಷ್ಟಿದೆ ನೋಡಿ. 4.75ರಿಂದ 5.25ರ ಒಳಗಿರಬೇಕು. ಸುಮ್ನೆ ಕೂತಿರುವಾಗ ಅಳೆದರೆ ಸಾಲದು, ಡ್ರೈವ್ ತಿರುಗುವಾಗಲೂ ಅಳೆಯಿರಿ. ಮೋಟಾರ್ ಶುರುವಾದ ಕೂಡಲೇ 4.6ಕ್ಕೆ ಕುಸಿಯುವ ಸಪ್ಲೈ ಇದ್ದರೆ ಡಿಸ್ಕ್ ಬೂಟ್ ಆಗುವ ಹೊತ್ತಿಗೇ ಸರಿಯಾಗಿ ಕೈಕೊಡುತ್ತದೆ. ನೋಡುವವರಿಗೆ ಡಿಸ್ಕಿನದೇ ತಪ್ಪು ಅನಿಸುತ್ತದೆ.

ಮುಂದಿನದು ಮೆಮೊರಿ. ಪೂರ್ತಿ ಆಫ್ ಮಾಡಿ, ತಳದ ಕಾರ್ಡ್ ಎಳೆದು ತೆಗೆದು, ಅದಿಲ್ಲದೆ ಆನ್ ಮಾಡಿ. ಅಮಿಗಾ 500 ತನ್ನ 512 ಕೆಬಿಯಲ್ಲೇ ಆರಾಮಾಗಿ ಬೂಟ್ ಆಗುತ್ತದೆ. ತೊಂದರೆ ಮಾಯವಾದರೆ ಕಳ್ಳ ಸಿಕ್ಕ.

ಕಾರ್ಡಿನಲ್ಲಿ ಬ್ಯಾಟರಿ ಸೋರಿದ್ದರೆ ಮೊದಲು ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಅದು ಗಡಿಯಾರ ಓಡಿಸಲು ಇರುವುದಷ್ಟೇ, ಇಲ್ಲದಿದ್ದರೆ ತಾರೀಕು ನೆನಪಿರಲ್ಲ, ಅಷ್ಟೆ. ಸೋರುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ದ್ರವ ಕ್ಷಾರ. ಅದಕ್ಕೇ ಹತ್ತಿ ಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಉಜ್ಜಬೇಕು. ನಾನು ಉಜ್ಜಿದಾಗ ಕಡ್ಡಿ ನೀಲಿ ಹಸಿರಾಗಿ ಬಂತು. ಹನ್ನೊಂದನೇ ಕಡ್ಡಿ ಬಿಳಿಯಾಗೇ ಉಳಿದಾಗ ನಿಲ್ಲಿಸಿದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಮರುದಿನ ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿನಷ್ಟು ಸಣ್ಣ ತಾಮ್ರದ ಗೆರೆಯೊಂದು ನಡುವೆ ತಿಂದುಹೋಗಿತ್ತು. ಅದರ ಎರಡು ತುದಿಗೆ ಇಟ್ಟರೆ ಮೀಟರ್ ಬೀಪ್ ಅನ್ನಲಿಲ್ಲ. ತೆಳು ತಂತಿ ಬೆಸೆದ ಮೇಲೆ ಅಂದಿತು. ಪುಡಿ ಒರೆಸಿ ಕೆಲಸ ಮುಗಿಯಿತು ಅಂತ ಮುಚ್ಚಳ ಹಾಕಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಆನ್ ಮಾಡಿದಾಗಿನ ಬಣ್ಣಗಳನ್ನೂ ಗಮನಿಸಿ. ಕಡು ಬೂದು, ತಿಳಿ ಬೂದು, ಬಿಳಿ, ಹೀಗೆ ದಾಟಿದರೆ ಸರಿ. ಕೆಂಪಾಗಿ ನಿಂತರೆ ಕಿಕ್‌ಸ್ಟಾರ್ಟ್ ರೋಮ್, ಅಂದರೆ ಮೆಷಿನ್ ಎಬ್ಬಿಸುವ ಪ್ರೋಗ್ರಾಂ ಇರುವ ಚಿಪ್ಪು ನೋಡಿ. ಹಸಿರಾದರೆ ಚಿತ್ರ, ಸದ್ದಿಗೆ ಬಳಕೆಯಾಗುವ ಚಿಪ್ ಮೆಮೊರಿ, ನೀಲಿಯಾದರೆ ಅಮಿಗಾಕ್ಕೇ ಅಂತ ಮಾಡಿದ ಕಸ್ಟಮ್ ಚಿಪ್ಪುಗಳು, ಹಳದಿಯಾದರೆ ಪ್ರೊಸೆಸರ್ ಎಲ್ಲೋ ಮುಗ್ಗರಿಸಿದೆ. ಬಣ್ಣ ಬರಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ನನ್ನದರಲ್ಲಿ ಹಸಿರು ಒಮ್ಮೆಯೂ ಕಾಣಿಸಲಿಲ್ಲ. ಗುರು ಮೆಡಿಟೇಶನ್ ಜೊತೆ ಬರುವ ನಂಬರನ್ನು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಅದೇ ಜಾಗದಲ್ಲಿ ಅದೇ ನಂಬರ್ ಬಂದರೆ ನನಗೆ ಸಾಫ್ಟ್‌ವೇರ್ ಮೇಲೆ ಅನುಮಾನ. ಒಮ್ಮೆ 3, ಒಮ್ಮೆ 4, ಹೀಗೆ ಬದಲಾಗುತ್ತಿದ್ದರೆ ಹಾರ್ಡ್‌ವೇರೇ ಜಾಸ್ತಿ.

ಸಾಕೆಟ್‌ನಲ್ಲಿ ಕೂತಿರುವ ಚಿಪ್ಪುಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಚೌಕಾಕಾರದ ಆಗ್ನಸ್ ಚಿಪ್ಪನ್ನು ಮಾತ್ರ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಸಾಕೆಟ್ ಮೂಲೆ ಮುರಿಯುತ್ತದೆ. ಅದಕ್ಕೇ ಅಂತ ಇಕ್ಕಳ ಸಿಗುತ್ತದೆ.

ಈಗ ಡಿಸ್ಕು. ಲೋಹದ ಬಾಗಿಲು ಸರಿಸಿ, ಒಳಗಿನ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿ. ಬೂಷ್ಟಿನ ಚುಕ್ಕೆ ಕಂಡರೆ ಡ್ರೈವಿಗೆ ಹಾಕಬೇಡಿ. ಡ್ರೈವಿನೊಳಗೆ ಡಿಸ್ಕ್ ಓದುವ ಹೆಡ್ಡಿಗೆ ಅಂಟಿದ ಕೊಳೆ ಮುಂದಿನ ಒಳ್ಳೆ ಡಿಸ್ಕನ್ನೂ ಗೀರುತ್ತದೆ. ಹೆಡ್ಡನ್ನೂ ಅದೇ ಆಲ್ಕೊಹಾಲಿನಿಂದ ಒರೆಸಿಕೊಳ್ಳಿ.

ವ್ಯಾಲಿಡೇಟ್ ಆಗಿಲ್ಲ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಬರೆಯುವ ನಡುವೆ ಮೆಷಿನ್ ನಿಂತಿತು, ಇಲ್ಲವೇ ಲೈಟು ಆರುವ ಮೊದಲೇ ಡಿಸ್ಕ್ ಎಳೆದಿರಿ. ಯಾವ ಬ್ಲಾಕ್ ಖಾಲಿ ಎಂಬ ಪಟ್ಟಿ ಅರ್ಧಕ್ಕೆ ನಿಂತಿದೆ, ಫೈಲುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. 1760 ಬ್ಲಾಕುಗಳ ಸರಿ ನಡುವೆ, 880ನೆಯದರಲ್ಲಿ ಫೈಲುಗಳ ಪಟ್ಟಿ ಶುರುವಾಗುವ ರೂಟ್ ಬ್ಲಾಕ್ ಇದೆ. ಅದು ಹೋದರೆ ಮಾತ್ರ ಕಷ್ಟ.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಸಲಿ ಡಿಸ್ಕಿನ ಮೇಲೇ ಡಿಸ್ಕ್‌ಡಾಕ್ಟರ್ ಎಂಬ ರಿಪೇರಿ ಪ್ರೋಗ್ರಾಂ ಓಡಿಸಿದೆ. ಅದು ಮುಗಿದಾಗ ಡಿಸ್ಕಿನ ಹೆಸರು ಲಾಜರಸ್ ಅಂತಾಗಿತ್ತು. ಸತ್ತು ಎದ್ದು ಬಂದವನ ಹೆಸರು, ಆದರೆ ನನ್ನ ಅರ್ಧ ಫೈಲುಗಳು ಏಳಲಿಲ್ಲ! ಈಗ ಮೊದಲು ಗ್ರೀಸ್‌ವೀಜಲ್ ಎಂಬ ಪುಟ್ಟ ಬೋರ್ಡಿನಿಂದ ಹೊಸ ಕಂಪ್ಯೂಟರಿಗೆ ಇಡೀ ಡಿಸ್ಕಿನ ನಕಲು ತೆಗೆಯುತ್ತೇನೆ. ಆ ನಕಲಿನ ಫೈಲಿಗೆ ಎಡಿಎಫ್ ಅನ್ನುತ್ತಾರೆ, ಸರಿಯಾದದ್ದು 901120 ಬೈಟ್ ಇರುತ್ತದೆ. ರಿಪೇರಿ ಏನಿದ್ದರೂ ನಕಲಿನ ಮೇಲೆ, ಡಿಸ್ಕ್‌ಸಾಲ್ವ್ ಎಂಬ ಪ್ರೋಗ್ರಾಂನಿಂದ. ಸಿಕ್ಕಿದ್ದನ್ನು ಅದು ಇನ್ನೊಂದು ಡಿಸ್ಕಿಗೆ ಎತ್ತಿಡುತ್ತದೆ.

ಇಷ್ಟಾದರೂ ಕ್ರ್ಯಾಶ್ ಆಗುತ್ತಿದ್ದರೆ ಬೂಟ್‌ಬ್ಲಾಕ್ ವೈರಸ್, ಅಂದರೆ ಬೂಟ್ ಆಗುವಾಗ ಮೊದಲು ಓದುವ ಡಿಸ್ಕಿನ ಭಾಗದಲ್ಲಿ ಅಡಗುವ ವೈರಸ್ ಇರಬಹುದು. ಕಂಟ್ರೋಲ್ ಮತ್ತು ಎರಡು ಅಮಿಗಾ ಕೀಲಿ ಒಟ್ಟಿಗೆ ಒತ್ತಿ ರೀಸೆಟ್ ಮಾಡಿದರೆ ಅದು ಮೆಮೊರಿಯಲ್ಲೇ ಉಳಿಯುತ್ತದೆ. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಕಾಯಿರಿ, ಶುದ್ಧವಾದ ಡಿಸ್ಕಿನಿಂದ ಎಬ್ಬಿಸಿ, ಆಮೇಲೆ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಹೊಸ ಬೂಟ್‌ಬ್ಲಾಕ್ ಬರೆಯುತ್ತದೆ. ಗೇಮ್ ಡಿಸ್ಕಿಗೆ ಮಾತ್ರ ಅದನ್ನು ಕೊಡಬೇಡಿ. ಎಷ್ಟೋ ಗೇಮ್‌ಗಳ ಲೋಡರ್ ಇರುವುದೇ ಅಲ್ಲಿ. ಒರೆಸಿಬಿಟ್ಟರೆ ವೈರಸ್ ಜೊತೆ ಗೇಮೂ ಹೋಯಿತು.